ಮರಸಿನಿಂದ ಇಳಿಯುವ ಲೆಕ್ಕ

ನವೆಂಬರ್ ಮಧ್ಯಭಾಗಕ್ಕೆ ಮಿಶಿಗನ್ ರಾಜ್ಯದ ಈ ದಕ್ಷಿಣ ಭಾಗದಲ್ಲಿ ಸಂಜೆ ಐದೂಕಾಲರ ಹೊತ್ತಿಗೆಲ್ಲ ಸೂರ್ಯ ಮುಳುಗಿಬಿಡುತ್ತಾನೆ. ಕಾನೂನಿನ ಪ್ರಕಾರ ಅದಾದ ಮೇಲೆ ಇನ್ನು ಅರ್ಧ ಗಂಟೆ ಜಿಂಕೆ ಹೊಡೆಯಬಹುದು. ಆ ಅರ್ಧ ಗಂಟೆ ಕಳೆಯುವಷ್ಟರಲ್ಲಿ ಮರದ ಮೇಲಿರುವವನು ಮೂರು ನಾಲ್ಕು ಗಂಟೆ ಅಲುಗಾಡದೆ ಕೂತಿರುತ್ತಾನೆ. ಬೆರಳು ಮರಗಟ್ಟಿರುತ್ತವೆ, ಮೊಣಕಾಲು ಹಿಡಿದುಕೊಂಡಿರುತ್ತದೆ, ತೊಗಟೆಯ ಮೇಲೆ ಹಿಮ ಕೂರಲು ಶುರುವಾಗಿರುತ್ತದೆ. ಅಂಥ ಸ್ಥಿತಿಯಲ್ಲಿ, ಕತ್ತಲಲ್ಲಿ, 20 ಅಡಿ ಕೆಳಗಿಳಿಯಬೇಕು.

ನಮ್ಮ ಮಲೆನಾಡಿನಲ್ಲಿ ಹೀಗೆ ಮರದ ಮೇಲೆ ಅಡಗಿ ಕೂತು ಪ್ರಾಣಿ ಬರುವುದನ್ನು ಕಾಯುವುದಕ್ಕೆ ಮರಸು ಕೂರುವುದು ಅಂತ ಹೆಸರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ನಮ್ಮಲ್ಲಿ ಅದು ಅಜ್ಜಂದಿರ ಕಥೆಯಾಗಿ ಉಳಿಯಿತು, ಉಳಿಯಬೇಕಾದ್ದೂ ಹಾಗೆಯೇ. ಅಮೆರಿಕದಲ್ಲಿ ಮಾತ್ರ ಬಿಳಿಬಾಲದ ಜಿಂಕೆಯ ಸಂಖ್ಯೆ ಹತೋಟಿಯಲ್ಲಿಡುವುದಕ್ಕೆ ಸರ್ಕಾರವೇ ಲೈಸೆನ್ಸ್ ಕೊಟ್ಟು ಬೇಟೆಯಾಡಿಸುತ್ತದೆ. ಇಲ್ಲಿ ಅಕ್ಟೋಬರ್ 1ಕ್ಕೆ ಬಿಲ್ಲಿನ ಬೇಟೆ ಶುರು, ನವೆಂಬರ್ 15ರಿಂದ 30ರವರೆಗೆ ಕೋವಿ. ಬಿಲ್ಲಿನವರಲ್ಲಿ ಬಹಳಷ್ಟು ಜನ ಮರ ಹತ್ತುತ್ತಾರೆ. ನೆಲದ ಮೇಲೆ ನಿಂತರೆ ಜಿಂಕೆಯ ಕಣ್ಣಿಗೂ ಮೂಗಿಗೂ ಸಿಕ್ಕಿಬೀಳುವುದು ಖಾತ್ರಿ. 15-20 ಅಡಿ ಮೇಲಿದ್ದರೆ ಅದರ ನೋಟದಿಂದ ತಪ್ಪಿಸಿಕೊಳ್ಳಬಹುದು, ಮೈಯ ವಾಸನೆಯೂ ಸ್ವಲ್ಪ ತಲೆಯ ಮೇಲಿಂದ ಹಾದುಹೋಗುತ್ತದೆ.

ನಾನು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯವನು. ಮರ ಹತ್ತುವುದು ಇಳಿಯುವುದು ಅಂದರೆ ಗೊತ್ತಿರುವ ವಿಷಯ ಅಂದುಕೊಂಡೇ ಇಲ್ಲಿ ಮೊದಲ ಸಲ ಮರಸಿಗೆ ಹೋದೆ. ಆ ಜಂಬ ಒಂದೇ ಸಂಜೆಗೆ ಇಳಿಯಿತು. ಆಮೇಲೆ ನಾಲ್ಕು ವರ್ಷ ಬೇರೆ ಬೇರೆ ರೀತಿ ಇಳಿದು ನೋಡಿ ನನಗೆ ಗಟ್ಟಿಯಾದ ಒಂದು ಮಾತಿದೆ: ಇಳಿಯುವ ವಿಧಾನ ಆರಿಸುವಾಗ ಎತ್ತರ ಎಷ್ಟು ಅಂತ ಎಣಿಸಬೇಡಿ, ಎಷ್ಟು ಸಲ ಕೊಕ್ಕೆ ಬಿಚ್ಚಿ ಇನ್ನೊಂದು ಕಡೆ ಹಾಕಬೇಕು ಅಂತ ಎಣಿಸಿ.

ಯಾಕೆಂದರೆ ಮೇಲೆ ಸುಮ್ಮನೆ ಕೂತವನು ಬೀಳುವುದು ಅಪರೂಪ. ಬೀಳುವುದು ಹತ್ತುವಾಗ, ಇಳಿಯುವಾಗ, ಮುಖ್ಯವಾಗಿ ಏಣಿಯಿಂದ ಅಟ್ಟಣಿಗೆಗೆ ಅಥವಾ ಅಟ್ಟಣಿಗೆಯಿಂದ ಏಣಿಗೆ ಕಾಲು ಬದಲಿಸುವಾಗ. ಒಂದು ಆಧಾರವನ್ನು ಬಿಟ್ಟು ಇನ್ನೊಂದನ್ನು ಹಿಡಿಯುವ ಆ ಅರೆಗಳಿಗೆಯಲ್ಲಿ. 20 ಅಡಿ ಅಂದರೆ ಸುಮಾರು 6 ಮೀಟರ್. ಅಲ್ಲಿಂದ ಬಿದ್ದರೆ ನೆಲ ಮುಟ್ಟಲು ಒಂದು ಸೆಕೆಂಡಿಗಿಂತ ಚೂರು ಹೆಚ್ಚು ಸಾಕು. ಮುಟ್ಟುವಾಗಿನ ವೇಗ ಗಂಟೆಗೆ 39 ಕಿಲೋಮೀಟರ್. ಹೆಲ್ಮೆಟ್ ಇಲ್ಲದೆ ಲೂನಾದಿಂದ ಗೋಡೆಗೆ ಗುದ್ದಿದಂತೆ ಅಂತ ಇಟ್ಟುಕೊಳ್ಳಿ. ಏನನ್ನಾದರೂ ಹಿಡಿದುಕೊಳ್ಳೋಣ ಅಂತ ಯೋಚಿಸುವುದಕ್ಕೆ ಆ ಒಂದು ಸೆಕೆಂಡ್ ಸಾಲುವುದಿಲ್ಲ.

ಈ ಲೆಕ್ಕದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಪಾಸಾಗುವುದು ಏಣಿ ಸ್ಟ್ಯಾಂಡ್. ಕಬ್ಬಿಣದ ಉದ್ದ ಏಣಿ, ಮೇಲೆ ಒಂದು ಸೀಟು, ಪೂರ್ತಿ ಮರಕ್ಕೆ ಬಿಗಿದಿರುತ್ತಾರೆ. ಇದರ ಜೊತೆಗೆ ಸೀಟಿನ ಮೇಲ್ಭಾಗದಿಂದ ನೆಲದವರೆಗೆ ಒಂದು ಹಗ್ಗ ಇಳಿಬಿಟ್ಟು, ಅದರ ಮೇಲೆ ತೆಳುವಾದ ಬಳ್ಳಿಯಿಂದ ಪ್ರೂಸಿಕ್ ಗಂಟು ಹಾಕುತ್ತಾರೆ. ಆಸ್ಟ್ರಿಯಾದ ಪರ್ವತಾರೋಹಿ ಕಾರ್ಲ್ ಪ್ರೂಸಿಕ್ 1931ರಲ್ಲಿ ಪ್ರಚಾರಕ್ಕೆ ತಂದ ಗಂಟು ಇದು. ಕೈಯಲ್ಲಿ ಹಿಡಿದು ಸರಿಸಿದರೆ ಸರಾಗವಾಗಿ ಸರಿಯುತ್ತದೆ, ಭಾರ ಬಿದ್ದ ತಕ್ಷಣ ಹಗ್ಗವನ್ನು ಕಚ್ಚಿ ಹಿಡಿಯುತ್ತದೆ. ನೆಲದ ಮೇಲೆ ನಿಂತಿದ್ದಾಗಲೇ ಮೈಗೆ ಕಟ್ಟಿದ ಹಾರ್ನೆಸ್ಸನ್ನು ಈ ಗಂಟಿಗೆ ಸಿಕ್ಕಿಸಿದರೆ ಮತ್ತೆ ನೆಲ ಮುಟ್ಟುವವರೆಗೆ ಬಿಚ್ಚುವ ಪ್ರಶ್ನೆಯೇ ಇಲ್ಲ. ಬದಲಾವಣೆ ಸೊನ್ನೆ. ಸ್ವಂತ ಜಮೀನೋ, ಪರಿಚಯದವರ ಜಮೀನೋ ಇದ್ದರೆ ಇದನ್ನು ಬಿಟ್ಟು ಬೇರೆಯದು ಯೋಚಿಸಬೇಡಿ ಅಂತಲೇ ನಾನು ಹೇಳುವುದು. ವರ್ಷಕ್ಕೊಮ್ಮೆ ಪಟ್ಟಿಗಳನ್ನು ನೋಡಬೇಕು ಅಷ್ಟೆ. ಬಿಸಿಲಿಗೆ ಪಟ್ಟಿ ಲಡ್ಡಾಗುತ್ತದೆ, ಅಳಿಲು ಕಡಿಯುತ್ತದೆ, ಮರ ದಪ್ಪಗಾದಂತೆ ಪಟ್ಟಿ ಬಿಗಿದು ಒಳಗೇ ಹೂತುಹೋಗುತ್ತದೆ.

ತೊಂದರೆ ಶುರುವಾಗುವುದು ಸರ್ಕಾರಿ ಕಾಡಿನಲ್ಲಿ. ಅಲ್ಲಿ ಏಣಿ ಬಿಟ್ಟುಬರಲು ಹಲವು ಕಡೆ ನಿರ್ಬಂಧ ಇದೆ. ಮರಕ್ಕೆ ತಿರುಪು ಮೊಳೆ ಹೊಡೆದು ಮೆಟ್ಟಿಲು ಮಾಡುವುದಕ್ಕೂ ಇಲ್ಲ. ಹೊಡೆದು ಬಿಟ್ಟುಬಂದರೂ ನಾಳೆ ಅದೇ ಮರದಲ್ಲಿ ಇನ್ಯಾರೋ ಕೂತಿರುತ್ತಾರೆ. ಹಾಗಾಗಿ ಸಾಮಾನೆಲ್ಲ ಬೆನ್ನಿಗೆ ಹಾಕಿಕೊಂಡು ಹೋಗಿ, ಹತ್ತಿ, ಕೂತು, ಇಳಿಯುವಾಗ ಎಲ್ಲವನ್ನೂ ಬಿಚ್ಚಿಕೊಂಡು ಬರಬೇಕು. ಇಳಿಯುವುದು ಕಷ್ಟವಾಗುವುದೇ ಇದರಿಂದ. ನಾವು ಇಳಿಯುತ್ತಿರುವ ಏಣಿಯನ್ನು ನಾವೇ ಮೇಲಿಂದ ಕಿತ್ತುಕೊಂಡು ಬರುತ್ತಿರುತ್ತೇವೆ.

ಇದಕ್ಕೆ ಹಳೆಯ ಉತ್ತರ ಕ್ಲೈಂಬಿಂಗ್ ಸ್ಟ್ಯಾಂಡ್. ಎರಡು ತುಂಡು: ಮೇಲಿನದು ಸೀಟು, ಕೆಳಗಿನದು ಕಾಲಿಡುವ ತಟ್ಟೆ. ಎರಡೂ ಮರವನ್ನು ಸುತ್ತಿ ಹಲ್ಲಿನಿಂದ ಕಚ್ಚಿಕೊಳ್ಳುತ್ತವೆ. ಕೂತು ಕಾಲಿನಿಂದ ತಟ್ಟೆ ಎಳೆದುಕೊಳ್ಳುವುದು, ನಿಂತು ಸೀಟು ಎತ್ತುವುದು, ಥೇಟ್ ಹೆಜ್ಜೆ ಅಳೆಯುವ ಹಸಿರು ಹುಳದ ಹಾಗೆ. ಇಳಿಯುವುದೂ ಹಾಗೆಯೇ, ಹಿಂದುಮುಂದಾಗಿ. ಕೊಂಬೆಯಿಲ್ಲದ ನೆಟ್ಟಗಿನ ಮರ ಸಿಕ್ಕರೆ ಸಲೀಸು. ಆದರೆ ಎರಡು ತುಂಡುಗಳ ನಡುವೆ ಹಗ್ಗ ಕಟ್ಟುವುದನ್ನು ಮರೆತರೆ ಒಂದು ಅನಾಹುತ ಕಾದಿರುತ್ತದೆ. ಕಾಲು ಎತ್ತಿದಾಗ ತಟ್ಟೆ ಸಡಿಲಾಗಿ ಜರ್ರನೆ ಜಾರಿ ಕೆಳಗೆ ಹೋಗಿಬಿಡುತ್ತದೆ, ಸೀಟಿನಲ್ಲಿ ಕಾಲು ಇಳಿಬಿಟ್ಟುಕೊಂಡು ನೀವು ಮೇಲೆ. ಮರದ ಜಾತಿಯೂ ಗೊತ್ತಿರಬೇಕು. ಇಲ್ಲಿ ಶಾಗ್‌ಬಾರ್ಕ್ ಹಿಕರಿ ಅಂತ ಒಂದು ಮರವಿದೆ, ತೊಗಟೆ ಹಳೇ ಗೋಡೆಯ ಸುಣ್ಣದಂತೆ ಹಲಗೆ ಹಲಗೆಯಾಗಿ ಎದ್ದಿರುತ್ತದೆ. ಅದರ ಮೇಲೆ ಈ ಹಲ್ಲು ಕಚ್ಚಿದರೆ ತೊಗಟೆ ಸಮೇತ ಬರುತ್ತದೆ. ಬೀಚ್ ಮರ ಅದಕ್ಕೆ ತದ್ವಿರುದ್ಧ, ನುಣ್ಣಗೆ; ಒದ್ದೆಯಾದರೆ ಹಿಡಿತ ಸಿಗುವುದಿಲ್ಲ.

ಮರದ ಮಾತು ಬಂತಲ್ಲ, ಒಂದು ಹೇಳಿ ಮುಂದೆ ಹೋಗುತ್ತೇನೆ. ಎಮರಾಲ್ಡ್ ಆಶ್ ಬೋರರ್ ಅನ್ನುವ ಹಸಿರು ದುಂಬಿಯನ್ನು 2002ರಲ್ಲಿ ಇದೇ ಮಿಶಿಗನ್ನಿನ ಡೆಟ್ರಾಯಿಟ್ ಸುತ್ತಮುತ್ತ ಗುರುತಿಸಿದರು. ಅದು ಕೋಟ್ಯಂತರ ಆಶ್ ಮರಗಳನ್ನು ತಿಂದುಹಾಕಿದೆ. ಒಣಗಿ ನಿಂತ ಆಶ್ ನೋಡುವುದಕ್ಕೆ ನೆಟ್ಟಗೆ, ಕೊಂಬೆ ಕಮ್ಮಿ, ಮರಸಿಗೆ ಹೇಳಿ ಮಾಡಿಸಿದ ಹಾಗೆ ಕಾಣುತ್ತದೆ. ಸತ್ತ ಮೇಲೆ ಆ ಮರ ಬೇಗ ಪೆಡಸಾಗುತ್ತದೆ. ಇಂಥ ಮರ ಹತ್ತಿದವನಿಗೆ ಯಾವ ಹಗ್ಗ, ಯಾವ ಗಂಟು ಹಾಕಿದರೂ ಪ್ರಯೋಜನವಿಲ್ಲ. ನವೆಂಬರಿನಲ್ಲಿ ಎಲ್ಲ ಮರವೂ ಬೋಳಾಗಿರುವುದರಿಂದ ಸತ್ತದ್ದು ಯಾವುದು ಬದುಕಿದ್ದು ಯಾವುದು ಅಂತ ಹೊಸಬರಿಗೆ ತಿಳಿಯುವುದಿಲ್ಲ. ಅದಕ್ಕೇ ಎಲೆ ಇರುವಾಗಲೇ ಹೋಗಿ ಮರ ನೋಡಿಕೊಂಡು ಬರಬೇಕು.

ಈಚೆಗೆ ಹೆಚ್ಚು ಚಾಲ್ತಿಗೆ ಬಂದಿರುವುದು ಸ್ಯಾಡಲ್. ಕುದುರೆಯ ಜೀನಿಗೂ ಇದಕ್ಕೂ ಸಂಬಂಧವಿಲ್ಲ. ಸೊಂಟ ಮತ್ತು ತೊಡೆಗೆ ಕಟ್ಟಿಕೊಳ್ಳುವ ಅಗಲ ಪಟ್ಟಿ ಅದು, ಮರ ಕಡಿಯುವವರು ಕಟ್ಟಿಕೊಳ್ಳುವಂಥದ್ದು. ಮುಂದೆ ಬ್ರಿಡ್ಜ್ ಅನ್ನುವ ಚಿಕ್ಕ ಹಗ್ಗ, ಅದನ್ನು ಮರಕ್ಕೆ ಬಿಗಿದ ಟೆದರ್ ಹಗ್ಗಕ್ಕೆ ಸಿಕ್ಕಿಸಿ, ಮರದ ಕಡೆ ಮುಖ ಮಾಡಿ ಹಿಂದಕ್ಕೆ ಒರಗಿ ಕೂರುವುದು. ಪಾದ ಊರಲು ಅಂಗೈಯಗಲದ ಒಂದು ತಟ್ಟೆ. ಇಡೀ ಸಾಮಾನು ಒಂದು ಚೀಲದಲ್ಲಿ ಬರುತ್ತದೆ.

ಹತ್ತುವುದಕ್ಕೆ ಸ್ಟಿಕ್ ಬಳಸುತ್ತಾರೆ. ಒಂದೂವರೆ ಎರಡಡಿ ಉದ್ದದ ಕೋಲು, ಅದಕ್ಕೆ ಎರಡು ಜೊತೆ ಮೆಟ್ಟಿಲು. ಹಗ್ಗದಿಂದ ಮರಕ್ಕೆ ಬಿಗಿಯುವುದು. ಮೂರೋ ನಾಲ್ಕೋ ಸ್ಟಿಕ್ಕನ್ನು ಒಂದರ ಮೇಲೊಂದು ಕಟ್ಟುತ್ತಾ ಏರಬೇಕು. ನಡುವಿನ ಅಂತರ ಹೆಚ್ಚು ಸಿಗಲಿ ಅಂತ ಸ್ಟಿಕ್ಕಿನ ಕೆಳಗೆ ಹಗ್ಗದ ಕುಣಿಕೆ ಇಳಿಬಿಡುತ್ತಾರೆ, ಏಡರ್ ಅಂತಾರೆ ಅದಕ್ಕೆ. ಏರುವಾಗ ಏಡರ್ ಕಣ್ಣೆದುರಿಗೇ ಇರುತ್ತದೆ, ಕಾಲು ಹಾಕಿದರಾಯಿತು. ಇಳಿಯುವಾಗ? ಅದು ನಿಮ್ಮ ಕಾಲಡಿಯಲ್ಲಿ, ನಿಮ್ಮದೇ ದಪ್ಪ ಜಾಕೆಟ್ಟಿನ ಮರೆಯಲ್ಲಿ, ಕತ್ತಲಲ್ಲಿ ನೇತಾಡುತ್ತಿರುತ್ತದೆ.

ನನ್ನ ಜಂಬ ಇಳಿದದ್ದು ಇಲ್ಲೇ. ಕಡೆಯಿಂದ ಎರಡನೇ ಸ್ಟಿಕ್ಕಿನ ಮೇಲೆ ಎಡಗಾಲು. ಬಲಗಾಲಿನಿಂದ ಏಡರ್ ಹುಡುಕುತ್ತಿದ್ದೇನೆ. ದಪ್ಪ ಬೂಟು, ಒಳಗೆ ಎರಡು ಜೊತೆ ಉಣ್ಣೆ ಕಾಲುಚೀಲ. ಬೂಟಿನ ತುದಿಗೆ ಏನು ತಗುಲುತ್ತಿದೆ ಅಂತಲೇ ಗೊತ್ತಾಗುತ್ತಿಲ್ಲ. ಏನೋ ಸಿಕ್ಕಿತು ಅಂತ ಭಾರ ಹಾಕಿದೆ. ಸಿಕ್ಕಿದ್ದು ಏಡರ್ ಅಲ್ಲ, ಸ್ಟಿಕ್ಕಿನ ಹಗ್ಗದ ಬಾಲ. ಅದು ಜಾರಿತು. ಸೊಂಟದಿಂದ ಮರ ಸುತ್ತಿ ಬಂದಿದ್ದ ಲೈನ್‌ಮನ್ ಬೆಲ್ಟ್ ಕಚ್ಚಿಕೊಂಡಿತು ಸರಿ, ಆದರೆ ಕಚ್ಚಿಕೊಳ್ಳುವ ಮೊದಲು ಎರಡಡಿ ಜಾರಿತ್ತು. ಮುಖ ತೊಗಟೆಗೆ ಉಜ್ಜಿ ಗದ್ದದ ಚರ್ಮ ಹೋಯಿತು. ಕೆಳಗಿಳಿದು ಹತ್ತು ನಿಮಿಷ ಮರಕ್ಕೆ ಒರಗಿ ಕೂತಿದ್ದೆ.

ಆ ದಿನ ಎರಡು ವಿಷಯ ತಿಳಿಯಿತು. ಲೈನ್‌ಮನ್ ಬೆಲ್ಟ್ ಇರುವುದು ಎರಡೂ ಕೈ ಖಾಲಿ ಮಾಡಿಕೊಂಡು ಕೆಲಸ ಮಾಡುವುದಕ್ಕೆ, ಬೀಳುವವನನ್ನು ಹಿಡಿಯುವುದಕ್ಕಲ್ಲ. ನುಣ್ಣನೆ ಮರದಲ್ಲಾದರೆ ಅದು ನಿಮ್ಮ ಜೊತೆಗೇ ಕೆಳಗೆ ಬರುತ್ತದೆ. ತಲೆಯ ಮಟ್ಟಕ್ಕಿಂತ ಮೇಲೆ ಬಿಗಿದ ಟೆದರನ್ನೂ ಹೆಜ್ಜೆ ಹೆಜ್ಜೆಗೆ ಇಳಿಸಿಕೊಳ್ಳುತ್ತಾ ಬರಬೇಕು. ಎರಡನೆಯದು, ಬದಲಾವಣೆಗಳ ಲೆಕ್ಕ. ಮೇಲಿಂದ ಹೊರಡುವಾಗ ಬೆಲ್ಟ್ ಹಾಕಿ ಟೆದರ್ ಬಿಚ್ಚು, ತಟ್ಟೆ ಬಿಚ್ಚಿ ಬೆನ್ನಿಗೆ ಸಿಕ್ಕಿಸು, ಒಂದು ಸ್ಟಿಕ್ ಇಳಿ, ಮೇಲಿನ ಸ್ಟಿಕ್ ಬಿಚ್ಚಿ ಹಗ್ಗಕ್ಕೆ ಕಟ್ಟಿ ಇಳಿಬಿಡು, ಕೊಂಬೆ ಅಡ್ಡ ಬಂದರೆ ಇನ್ನೊಂದು ಬೆಲ್ಟ್ ಹಾಕಿ ಮೊದಲನೆಯದು ಬಿಚ್ಚು, ಮತ್ತೆ ಅದೇ. ನಾಲ್ಕು ಸ್ಟಿಕ್ಕಿಗೆ ಹತ್ತು ಹನ್ನೆರಡು ಬಾರಿ ಏನನ್ನೋ ಬಿಚ್ಚಬೇಕು. ಹನ್ನೆರಡರಲ್ಲಿ ಹನ್ನೊಂದು ಸಲ ಸರಿಯಾಗಿ ಮಾಡಿದರೆ ಪಾಸ್ ಮಾಡುವ ಪರೀಕ್ಷೆ ಅಲ್ಲ ಇದು.

ಮನೆಗೆ ವಿಡಿಯೋ ಕಾಲ್ ಮಾಡಿದಾಗ ಗದ್ದದ ಪಟ್ಟಿ ನೋಡಿ ಅಪ್ಪಯ್ಯ ಕೇಳಿದ್ದು ಒಂದೇ ಮಾತು. "ಕೊನೆಗಾರ ದಿನಕ್ಕೆ ಎಷ್ಟು ಸಲ ಇಳೀತಾನೆ, ನೋಡಿದೀಯೇನೋ?"

ನೋಡಿದ್ದೆ, ಯೋಚಿಸಿರಲಿಲ್ಲ. ಅಡಿಕೆ ಕೊನೆ, ಅಂದರೆ ಗೊನೆ, ಕೊಯ್ಯುವವನು ಒಂದು ಮರ ಹತ್ತಿದನೆಂದರೆ, ತುದಿಯಲ್ಲೇ ಪಕ್ಕದ ಮರವನ್ನು ಬಗ್ಗಿಸಿ ಎಳೆದು ಅದಕ್ಕೆ ದಾಟಿಕೊಳ್ಳುತ್ತಾನೆ. ಹಾಗೆ ಮರದಿಂದ ಮರಕ್ಕೆ ಹೋಗುತ್ತಾ ಸಾಲು ಮುಗಿಸಿ, ಕೊನೆಗೆ ಒಮ್ಮೆ ಇಳಿಯುತ್ತಾನೆ. ಕಾಲಿಗೆ ತಳೆ ಅನ್ನುವ ಹಗ್ಗದ ಕುಣಿಕೆ, ಕೈ ಮರಕ್ಕೆ ತಬ್ಬಿ, ನಿಂತು ಯೋಚಿಸುವ ಜಾಗವೇ ಇಲ್ಲದ ಹಾಗೆ ಒಂದೇ ಜಾರು. ಅವನ ವಿದ್ಯೆ ನನಗೆ ಈ ಜನ್ಮಕ್ಕೆ ಬರುವುದಿಲ್ಲ, ಅವನಿಗಿರುವ ಅಪಾಯವೂ ಸಣ್ಣದಲ್ಲ. ಆದರೆ ತುಂಡು ತುಂಡಾಗಿ ಇಳಿಯದೆ ಒಂದೇ ಸಲಕ್ಕೆ ಇಳಿಯುವ ಆ ಉಪಾಯವನ್ನು ಹಗ್ಗದಿಂದ ಮಾಡಬಹುದು. ಅದೇ ರಾಪೆಲ್.

ರಾಪೆಲ್ ಅಂದರೆ ಹಗ್ಗದ ಘರ್ಷಣೆಯನ್ನು ಬ್ರೇಕ್ ಮಾಡಿಕೊಂಡು ಜಾರಿ ಇಳಿಯುವುದು. ಇದು ಅರ್ಥವಾಗಬೇಕಾದರೆ ಕೊಟ್ಟಿಗೆ ನೆನೆಸಿಕೊಳ್ಳಿ. ಎಳೆಯುವ ಹೋರಿಯನ್ನು ಕೈಬಲದಿಂದ ಹಿಡಿಯಲು ಯಾರಿಗೂ ಸಾಧ್ಯವಿಲ್ಲ. ಅದೇ ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಹಾಕಿ ತುದಿ ಹಿಡಿದರೆ ಹತ್ತು ವರ್ಷದ ಹುಡುಗನೂ ನಿಲ್ಲಿಸುತ್ತಾನೆ. ಸುತ್ತು ಹೆಚ್ಚಿದಂತೆ ಹಿಡಿತ ಕೂಡುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುತ್ತದೆ. ಹಗ್ಗಕ್ಕೂ ಕಂಬಕ್ಕೂ ನಡುವಿನ ಘರ್ಷಣೆಯ ಗುಣಾಂಕ 0.25 ಅಂತ ಹಿಡಿದರೆ, ಒಂದು ಸುತ್ತಿಗೆ ಹಿಡಿತ ಸುಮಾರು 4.8 ಪಟ್ಟು. ಎರಡು ಸುತ್ತಿಗೆ 9.6 ಅಲ್ಲ, 23 ಪಟ್ಟು. 80 ಕಿಲೋ ತೂಕದವನನ್ನು ಒಂದು ಸುತ್ತಿನಲ್ಲಿ ತಡೆಯಲು ಕೈಯಲ್ಲಿ 17 ಕಿಲೋ ಬಲ ಬೇಕು, ಎರಡು ಸುತ್ತಿನಲ್ಲಿ ಮೂರೂವರೆ ಕಿಲೋ ಸಾಕು. ರಾಪೆಲ್ ಸಾಧನಗಳೆಲ್ಲ ಈ ಕಂಬದ ಸುತ್ತನ್ನೇ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು ಮಾಡಿರುವಂಥವು.

ಎಲ್ಲಕ್ಕಿಂತ ಸರಳವಾದದ್ದು ಎಂಟರ ಆಕಾರದ ಲೋಹದ ತುಂಡು, ಫಿಗರ್ ಎಯ್ಟ್. ಹಗುರ, ಅಗ್ಗ, ಕೆಡುವ ಭಾಗವೇ ಇಲ್ಲ. ಅದಕ್ಕಿರುವ ಒಂದೇ ದೋಷ ಅಂದರೆ ಕೆಳಗಿನ ಹಗ್ಗ ಹಿಡಿದ ಕೈ ಬಿಟ್ಟರೆ ಬ್ರೇಕ್ ಇಲ್ಲ. ಮರಗಟ್ಟಿದ ಬೆರಳಿನವನಿಗೆ ಇದು ದೊಡ್ಡ ದೋಷ. ಹಾಗಾಗಿ ಅದರ ಕೆಳಗೆ ಹಗ್ಗಕ್ಕೆ ಆಟೋಬ್ಲಾಕ್ ಅನ್ನುವ ಸುತ್ತುಗಂಟು ಹಾಕಿ ಸ್ಯಾಡಲ್ಲಿಗೆ ಸಿಕ್ಕಿಸಬೇಕು. ಅದನ್ನು ಮೂರನೇ ಕೈ ಅಂತ ಕರೆಯುತ್ತಾರೆ. ನಿಮ್ಮ ಕೈ ಬಿಟ್ಟರೂ ಅದು ಹಿಡಿಯುತ್ತದೆ.

ಗ್ರಿಗ್ರಿ ಅಂತ ಇನ್ನೊಂದಿದೆ, ಫ್ರಾನ್ಸಿನ ಪೆಟ್ಜ್ಲ್ ಕಂಪನಿಯದ್ದು, 1991ರಿಂದ ಇದೆ. ಕಾರಿನ ಸೀಟ್ ಬೆಲ್ಟಿನಂತೆ ಜೋರಾಗಿ ಎಳೆದರೆ ಒಳಗಿನ ಕ್ಯಾಮ್ ತಿರುಗಿ ಹಗ್ಗವನ್ನು ಅದುಮುತ್ತದೆ. ಇಳಿಯಬೇಕಾದರೆ ಹಿಡಿಕೆಯನ್ನು ಮೆಲ್ಲಗೆ ಎಳೆಯಬೇಕು. ಇದರಲ್ಲೂ ಒಂದು ಪೇಚಿದೆ. ಹೆದರಿದ ಮನುಷ್ಯ ಕೈಯಲ್ಲಿರುವುದನ್ನು ಇನ್ನೂ ಬಿಗಿಯಾಗಿ ಎಳೆದುಕೊಳ್ಳುತ್ತಾನೆ. ಗ್ರಿಗ್ರಿಯಲ್ಲಿ ಹಿಡಿಕೆ ಎಳೆದಷ್ಟೂ ಬ್ರೇಕ್ ಬಿಡುತ್ತದೆ. ಭಯಪಟ್ಟವನಿಗೆ ಬ್ರೇಕೂ ಆಕ್ಸಿಲರೇಟರೂ ಅದಲುಬದಲಾದ ಹಾಗೆ. 2017ರಲ್ಲಿ ಬಂದ ಗ್ರಿಗ್ರಿ ಪ್ಲಸ್ಸಿನಲ್ಲಿ ಇದಕ್ಕೇ ಅಂತ ಒಂದು ಏರ್ಪಾಡು ಮಾಡಿದರು, ಜಾಸ್ತಿ ಎಳೆದರೆ ಅದು ತಾನೇ ನಿಲ್ಲುತ್ತದೆ. ಅದು ಸ್ವಲ್ಪ ಭಾರ, ದುಬಾರಿ. ನನ್ನ ಕೇಳಿದರೆ ಮೊದಲ ವರ್ಷದವರಿಗೆ ಆ ದುಡ್ಡು ದಂಡವಲ್ಲ.

ಹಗ್ಗದ ದಪ್ಪದ ವಿಷಯದಲ್ಲಿ ಬೇಟೆಯವರು ಬಹಳ ಎಡವುತ್ತಾರೆ. ಚೀಲ ಹಗುರಾಗಲಿ ಅಂತ ತೆಳು ಹಗ್ಗ ತರುತ್ತಾರೆ. ಗ್ರಿಗ್ರಿ 8.5ರಿಂದ 11 ಮಿಲಿಮೀಟರ್ ಹಗ್ಗಕ್ಕೆ ಮಾಡಿದ್ದು. ಅದರಲ್ಲಿ 8 ಮಿಲಿಮೀಟರಿನದು ಹಾಕಿದರೆ ಕ್ಯಾಮ್ ಕಚ್ಚದೆ ಜಾರಬಹುದು. ಹಗ್ಗ ಹರಿಯುವುದಿಲ್ಲ, ಎರಡೂ ಒಳ್ಳೆಯ ಸಾಮಾನೇ, ಆದರೆ ಜೋಡಿ ಸರಿಯಿಲ್ಲ. ಹಾಗೆಯೇ ಡೈನೀಮಾ ಅನ್ನುವ ನೂಲಿನ ಹಗ್ಗ ತೂಕಕ್ಕೆ ಹೋಲಿಸಿದರೆ ಉಕ್ಕಿಗಿಂತ ಗಟ್ಟಿ ಅಂತ ಅದರಲ್ಲೇ ಇಳಿಯಲು ಹೋಗುವವರಿದ್ದಾರೆ. ಅದು ಎಣ್ಣೆ ಸವರಿದಂತೆ ಜಾರುತ್ತದೆ, 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕರಗುತ್ತದೆ. ನೈಲಾನ್ ಕರಗಲು 220 ಡಿಗ್ರಿಯಾದರೂ ಬೇಕು. ಉಜ್ಜಿಕೊಂಡು ಇಳಿಯುವ ಕೆಲಸಕ್ಕೆ ನೈಲಾನ್ ಅಥವಾ ಪಾಲಿಯೆಸ್ಟರಿನ, ಹೆಚ್ಚು ಹಿಗ್ಗದ ಹಗ್ಗವೇ ಸರಿ. ಸಾಧನ ಕೈತಪ್ಪಿ ಕೆಳಗೆ ಬಿದ್ದುಹೋಯಿತು ಅಂತಿಟ್ಟುಕೊಳ್ಳಿ, ಒಂದೇ ಒಂದು ಅಗಲವಾದ ಕ್ಯಾರಬಿನರ್, ಅಂದರೆ ಬಾಯಿ ತೆರೆದು ಮುಚ್ಚುವ ಲೋಹದ ಕೊಕ್ಕೆ, ಇದ್ದರೂ ಮಂಟರ್ ಗಂಟು ಹಾಕಿ ಇಳಿಯಬಹುದು. ಹಗ್ಗ ಸಿಕ್ಕಾಪಟ್ಟೆ ಹುರಿಗಟ್ಟುತ್ತದೆ, ಆದರೆ ನೆಲ ಸಿಗುತ್ತದೆ. ಆ ಗಂಟನ್ನು ಮನೆಯಲ್ಲಿ ಕಣ್ಣುಮುಚ್ಚಿ ಹಾಕುವಷ್ಟು ಅಭ್ಯಾಸ ಮಾಡಿಕೊಂಡಿರುವುದು ಒಳ್ಳೆಯದು.

ಈಗ ನಮ್ಮ ಲೆಕ್ಕಕ್ಕೆ ಬರೋಣ. ರಾಪೆಲ್‌ನಲ್ಲಿ ಬದಲಾವಣೆ ಎಷ್ಟು? ಒಂದೇ. ಕೂತಿದ್ದ ಟೆದರಿನಿಂದ ಇಳಿಯುವ ಹಗ್ಗಕ್ಕೆ ಭಾರ ವರ್ಗಾಯಿಸುವುದು. ಹನ್ನೆರಡು ಸಣ್ಣ ಅಪಾಯಗಳ ಬದಲು ಒಂದು ದೊಡ್ಡದು. ಅದಕ್ಕೇ ಅದೊಂದನ್ನು ಪೂಜೆ ಮಾಡಿದ ಹಾಗೆ ಕ್ರಮವಾಗಿ ಮಾಡಬೇಕು.

ನಾನು ಮಾಡುವುದು ಹೀಗೆ. ಕಾಂಡವನ್ನೇ ಸುತ್ತಿ, ಕೊಂಬೆಗಲ್ಲ, ತಲೆಗಿಂತ ಮೇಲೆ ಹಗ್ಗದ ತುದಿಯ ಉಂಗುರದೊಳಗಿಂದ ಹಗ್ಗ ತೂರಿಸಿ ಬಿಗಿಯುತ್ತೇನೆ, ಭಾರ ಬಿದ್ದಷ್ಟೂ ಮರವನ್ನು ಬಿಗಿಯುವ ಹಾಗೆ. ಹಗ್ಗದ ಇನ್ನೊಂದು ತುದಿ ನೆಲ ಮುಟ್ಟಿದೆಯೇ ಅಂತ ಟಾರ್ಚ್ ಬಿಟ್ಟು ನೋಡುತ್ತೇನೆ, ಆ ತುದಿಗೊಂದು ಗಂಟು ಹಾಕಿಯೇ ಇಳಿಬಿಟ್ಟಿರುತ್ತೇನೆ. ಸಾಧನಕ್ಕೆ ಹಗ್ಗ ತೂರಿಸಿ, ಮೂರನೇ ಕೈ ಹಾಕಿ, ಟೆದರ್ ಇನ್ನೂ ಬಿಗಿಯಾಗಿರುವಾಗಲೇ ಮೊಣಕಾಲು ಮಡಿಸಿ ಪೂರ್ತಿ ಭಾರವನ್ನು ಹೊಸ ಹಗ್ಗದ ಮೇಲೆ ಹಾಕುತ್ತೇನೆ. ಟೆದರ್ ಸಡಿಲಾಗಿ ಜೋತುಬೀಳಬೇಕು. ಬಿದ್ದಮೇಲೆ ಎರಡೂ ಕೈ ಬಿಟ್ಟು ಹತ್ತು ಎಣಿಸುತ್ತೇನೆ. ಆಮೇಲಷ್ಟೇ ಟೆದರ್ ಬಿಚ್ಚುವುದು. ಹಳೆಯದರ ಮೇಲೆ ಭಾರ ಇರುವಾಗ ಹೊಸದು ಸರಿಯಿದೆ ಅಂತ ನಂಬುವುದಕ್ಕೂ, ಹೊಸದರ ಮೇಲೆ ಜೋತುಬಿದ್ದು ಹಳೆಯದನ್ನು ಬಿಚ್ಚುವುದಕ್ಕೂ ಅಜಗಜಾಂತರ ವ್ಯತ್ಯಾಸ ಇದೆ.

ಕೆಳಗಿಳಿದ ಮೇಲೆ ಹಗ್ಗ ವಾಪಸ್ ಬರಬೇಕಲ್ಲ? ಮೇಲಿನ ಉಂಗುರಕ್ಕೆ ಒಂದು ತೆಳು ದಾರ ಕಟ್ಟಿರುತ್ತೇವೆ. ಕೆಳಗಿಂದ ಅದನ್ನು ಎಳೆದರೆ ಬಿಗಿ ಸಡಿಲಾಗಿ ಹಗ್ಗ ಸರಸರ ಬಂದು ಬೀಳುತ್ತದೆ. ಈ ದಾರವೇ ಎರಡು ತಂಟೆ ಮಾಡುವುದು. ಒಂದು, ಇಳಿಯುವ ಹಗ್ಗದ ಜೊತೆ ಸುತ್ತಿಕೊಂಡು ಸಾಧನದೊಳಗೆ ನುಗ್ಗುತ್ತದೆ. ಅದಕ್ಕೆ ಮರದ ಇನ್ನೊಂದು ಬದಿಗೆ ಇಳಿಬಿಡಬೇಕು. ಎರಡು, ಎಳೆಯುವಾಗ ಮುರಿದ ಕೊಂಬೆಯ ಗೂಟಕ್ಕೆ ಸಿಕ್ಕಿಹಾಕಿಕೊಳ್ಳುತ್ತದೆ. ಆಗ ಅರವತ್ತು ಎಪ್ಪತ್ತು ಡಾಲರಿನ ಹಗ್ಗದ ಆಸೆಗೆ ಕತ್ತಲಲ್ಲಿ ಮತ್ತೆ ಮರ ಹತ್ತಬೇಡಿ. ಬೆಳಿಗ್ಗೆ ಬಂದು ತೆಗೆಯಿರಿ. ಬೇರೆಯವರು ತೆಗೆದುಕೊಂಡು ಹೋದರೆ ಹೋಗಲಿ.

ರಾಪೆಲ್ ಬಂದ ಮೇಲೆ ಹತ್ತುವ ರೀತಿಯೂ ಬದಲಾಯಿತು. ಇಳಿಯಲು ಮೆಟ್ಟಿಲು ಬೇಕಿಲ್ಲ ಅಂದಮೇಲೆ ಮರದ ತುಂಬ ಸ್ಟಿಕ್ ಯಾಕೆ? ಒಂದೇ ಸ್ಟಿಕ್ ತಂದು, ಅದರ ಮೇಲೆ ನಿಂತು ಟೆದರ್ ಮೇಲಕ್ಕೆ ಬಿಗಿದು, ಟೆದರಿನಲ್ಲಿ ಜೋತುಬಿದ್ದು ಸ್ಟಿಕ್ಕನ್ನೇ ಎತ್ತಿ ಮೇಲೆ ಕಟ್ಟಿಕೊಳ್ಳುತ್ತಾ ಹೋಗುತ್ತಾರೆ. ಚೀಲ ಹಗುರಾಯಿತು ನಿಜ. ಆದರೆ ಇಳಿಯುವ ಹಗ್ಗ ಮನೆಯಲ್ಲಿ ಮರೆತು ಬಂದರೆ ಕಥೆ ಮುಗಿಯಿತು. ನಾಲ್ಕು ಸ್ಟಿಕ್ಕಿನವನಿಗೆ ಕನಿಷ್ಠ ಮೆಟ್ಟಿಲಾದರೂ ಉಳಿದಿರುತ್ತದೆ. ನಾನೀಗ ನಡುವಿನ ದಾರಿ ಹಿಡಿದಿದ್ದೇನೆ: ಏಡರ್ ಇಲ್ಲದ ಮೂರು ಸ್ಟಿಕ್, 20 ಅಡಿ ಬದಲು 14 ಅಡಿ ಎತ್ತರ, ಇಳಿಯುವುದು ಹಗ್ಗದಲ್ಲಿ. ಸ್ಟಿಕ್ಕುಗಳನ್ನು ಇಳಿಯುತ್ತಾ ಬಿಚ್ಚಿಕೊಳ್ಳುತ್ತೇನೆ, ಆದರೆ ನನ್ನ ಭಾರ ಅವುಗಳ ಮೇಲೆ ಇರುವುದೇ ಇಲ್ಲ. 14 ಅಡಿಗೆ ಜಿಂಕೆ ಎರಡು ಸಲ ನನ್ನನ್ನು ನೋಡಿ ಓಡಿದೆ. ಓಡಲಿ.

ಬರೀ ಹಾರ್ನೆಸ್ ಇದ್ದರೆ ಸಾಕು, ಬಿದ್ದರೂ ಹಿಡಿಯುತ್ತದಲ್ಲ ಅನ್ನುವವರಿಗೆ ಒಂದು ಮಾತು. ಹಾರ್ನೆಸ್ ಹಿಡಿದ ಮೇಲೂ ನೀವು ಇಳಿಯಬೇಕು. ಮೈಗೆಲ್ಲ ಕಟ್ಟಿಕೊಳ್ಳುವ ಹಾರ್ನೆಸ್ಸಿನಲ್ಲಿ ಅಲುಗಾಡದೆ ನೇತಾಡುತ್ತಿದ್ದರೆ ತೊಡೆಯ ಪಟ್ಟಿ ರಕ್ತನಾಳ ಒತ್ತಿ, ಕಾಲಿನ ರಕ್ತ ಮೇಲಕ್ಕೆ ಬರದೆ ತಲೆಸುತ್ತು ಬರುತ್ತದೆ. ಪ್ರಜ್ಞೆ ತಪ್ಪುವುದೂ ಉಂಟು, ಅದಕ್ಕೆ ಬಹಳ ಹೊತ್ತೇನೂ ಬೇಕಿಲ್ಲ. ಹಾರ್ನೆಸ್ ಜೊತೆಗೆ ಒಂದು ಪಟ್ಟಿ ಕೊಟ್ಟಿರುತ್ತಾರೆ, ಕುಣಿಕೆ ಮಾಡಿ ಅದರಲ್ಲಿ ಪಾದ ಇಟ್ಟು ನಿಂತು ಕಾಲಿಗೆ ರಕ್ತ ಆಡುವಂತೆ ಮಾಡಿಕೊಳ್ಳುವುದಕ್ಕೆ. ಬಹಳ ಜನ ಅದನ್ನು ಪ್ಯಾಕೆಟ್ಟಿನಲ್ಲೇ ಬಿಟ್ಟಿರುತ್ತಾರೆ. ಫೋನು ಬೆನ್ನಿನ ಚೀಲದಲ್ಲಿದ್ದರೂ ಅಷ್ಟೇ, ನೇತಾಡುವವನ ಕೈಗೆ ಅದು ಎಟುಕುವುದಿಲ್ಲ. ಎದೆಯ ಜೇಬಿನಲ್ಲಿರಬೇಕು.

ಯಾವಾಗ ಇಳಿಯಬೇಕು ಅನ್ನುವುದೂ ಹೇಗೆ ಇಳಿಯಬೇಕು ಅನ್ನುವುದರ ಭಾಗವೇ. ಬಾಣ ಬಿಟ್ಟ ಮೇಲೆ ಬೇಟೆಗಾರನ ಕೈಕಾಲು ಗಡಗಡ ನಡುಗುತ್ತದೆ. ಹೊಸಬರಿಗಂತೂ ಉಸಿರೇ ಸಿಗುವುದಿಲ್ಲ. ಆಗಲೇ ಕೆಳಗೆ ಹಾರಿ ಓಡುವ ತವಕ. ಆದರೆ ಎದೆಗೆ ಬಾಣ ಬಿದ್ದ ಜಿಂಕೆಗೂ ಕನಿಷ್ಠ ಅರ್ಧ ಗಂಟೆ ಬಿಡಬೇಕು ಅಂತ ಇಲ್ಲಿ ಎಲ್ಲರೂ ಕಲಿಸುತ್ತಾರೆ. ಬೆನ್ನುಹತ್ತದಿದ್ದರೆ ಅದು ಹತ್ತಿರದಲ್ಲೇ ಮಲಗಿ ಪ್ರಾಣ ಬಿಡುತ್ತದೆ. ಬೆನ್ನುಹತ್ತಿದರೆ ಮೈಲಿಗಟ್ಟಲೆ ಹೋಗಿ ಕೈತಪ್ಪುತ್ತದೆ. ಹೊಟ್ಟೆಗೆ ಬಿದ್ದಿದ್ದರೆ ಹಲವು ಗಂಟೆ ಕಾಯಬೇಕು. ಆ ಕಾಯುವ ಅರ್ಧ ಗಂಟೆಯಲ್ಲಿ ನಡುಕ ನಿಲ್ಲುತ್ತದೆ. ಕೈ ಉಜ್ಜಿಕೊಂಡು, ಬೆರಳು ಮಡಿಸಿ ಬಿಡಿಸಿ, ಒಂದು ಗುಟುಕು ಬಿಸಿ ಕಾಫಿ ಕುಡಿದು, ಹೆಡ್‌ಲ್ಯಾಂಪ್ ಹಾಕಿಕೊಂಡು ಹೊರಡಬೇಕು. ಟಾರ್ಚ್ ಹಚ್ಚಿದರೆ ಜಿಂಕೆ ಹೆದರುತ್ತದೆ ಅಂತ ಕತ್ತಲಲ್ಲೇ ತಡವುತ್ತಾ ಇಳಿಯುವವರನ್ನು ನೋಡಿದ್ದೇನೆ. ಬೇಟೆಯ ಹೊತ್ತು ಮುಗಿದ ಮೇಲೆ ಜಿಂಕೆ ಹೆದರಿದರೆ ಏನಾಯಿತು?

ಆಯುಧ ನಿಮಗಿಂತ ಮೊದಲು ಹಗ್ಗದಲ್ಲಿ ಇಳಿಯಬೇಕು. ಕೋವಿಯಾದರೆ ತೋಟಾ ತೆಗೆದು, ನಳಿಗೆ ಕೆಳಮುಖವಾಗಿ. ಬಿಲ್ಲಾದರೆ ಬಾಣಗಳ ಮೊನೆ ಮುಚ್ಚಿ. ಮತ್ತು ನೀವು ಇಳಿಯುವ ಜಾಗಕ್ಕೆ ನೇರ ಕೆಳಗೆ ಅಲ್ಲ, ಮರದ ಆಚೆ ಬದಿಗೆ. ಬೇಟೆಯ ಬಾಣದ ಮೊನೆ ಅಂದರೆ ಕ್ಷೌರದ ಬ್ಲೇಡು ಕೂರಿಸಿದ್ದು. ಜಾರಿ ಅದರ ಮೇಲೆ ಬೀಳುವುದಕ್ಕೆ 20 ಅಡಿ ಬೇಕಾಗಿಲ್ಲ, 3 ಅಡಿ ಸಾಕು.

ಆಗಸ್ಟ್ ಬಂದರೆ ನಾನು ಹಿತ್ತಲಿನ ಮೇಪಲ್ ಮರಕ್ಕೆ ನೆಲದಿಂದ ಎರಡಡಿ ಎತ್ತರದಲ್ಲಿ ತಟ್ಟೆ ಕಟ್ಟುತ್ತೇನೆ. ಸಂಜೆ ಕತ್ತಲಾದ ಮೇಲೆ ದಪ್ಪ ಜಾಕೆಟ್ ಹಾಕಿಕೊಂಡು, ಐಸ್ ನೀರಿನ ಬಕೆಟ್ಟಿನಲ್ಲಿ ಎರಡು ನಿಮಿಷ ಕೈ ಅದ್ದಿ, ಟೆದರಿನಿಂದ ಹಗ್ಗಕ್ಕೆ ಬದಲಾಯಿಸುವುದನ್ನು ಮತ್ತೆ ಮತ್ತೆ ಮಾಡುತ್ತೇನೆ. ಕೆಲವು ಸಲ ಕ್ಯಾರಬಿನರಿನ ತಿರುಪು ಬಿಗಿಯಲು ಮರೆತಿರುತ್ತೇನೆ, ಕೆಲವು ಸಲ ಮೂರನೇ ಕೈ ಹಾಕಿರುವುದಿಲ್ಲ. ಎರಡಡಿ ಎತ್ತರದಲ್ಲಿ ಅದು ನಗೆಪಾಟಲು ಅಷ್ಟೇ. ಹೋದ ವರ್ಷ ಬೇಲಿಯಾಚೆಯ ಮುದುಕ ಒಂದು ವಾರ ಇದನ್ನು ನೋಡಿ, ಎಂಟನೇ ದಿನ ತಾನೇ ಬಂದು ಪ್ಯಾಂಟಿನ ಕಾಲು ಮೇಲೆತ್ತಿ ಮೊಣಕಾಲಿನಿಂದ ಹಿಮ್ಮಡಿಯವರೆಗಿನ ಹೊಲಿಗೆಯ ಗುರುತು ತೋರಿಸಿದ. ಎಷ್ಟು ಎತ್ತರದಿಂದ ಅಂತ ಕೇಳಿದೆ. ಕಡೆಯ ಮೆಟ್ಟಿಲಿನಿಂದ, ನೆಲ ಬಂತು ಅಂದುಕೊಂಡು ಬೆಲ್ಟ್ ಬಿಚ್ಚಿದ್ದೆ ಅಂದ.